ತೋಪು ಉಳಿಸಿಕೊಟ್ಟ ಎಲ್ಲರಿಗೂ ನಮಸ್ಕಾರ

ಬೆಂಗಳೂರಿನ ನಮ್ಮ ಬಡಾವಣೆಯಲ್ಲಿ ನಾವೆಲ್ಲ ಸೇರಿ ಮಾಡಿದ ಮರಗಳ ನಕ್ಷೆ ಈ ವಾರ ಪಾಲಿಕೆಯ ತೋಟಗಾರಿಕೆಯವರ ಕೈ ಸೇರಿತು. ಹಳೇ ಊರಿನ ಮಗ್ಗುಲಲ್ಲಿರುವ ಗುಂಡುತೋಪಿಗೆ ಕಬ್ಬಿಣದ ಬೇಲಿ ಹಾಕಿ, ನೆಲಕ್ಕೆಲ್ಲ ಟೈಲ್ಸ್ ಹಾಸುವ ಯೋಜನೆಯೂ ಬದಲಾಯಿತು. ಹುಣಸೆ, ಮಾವು, ನೇರಳೆ ಮರಗಳು, ಅಶ್ವತ್ಥಕಟ್ಟೆ, ಮಣ್ಣಿನ ನೆಲ ಇದ್ದಂತೆಯೇ ಇರುತ್ತವೆ. ಇದರ ಹಿಂದೆ ದುಡಿದವರಲ್ಲಿ ಬಹುಪಾಲು ಜನ ಯಾವ ಫೋಟೋದಲ್ಲೂ ಇಲ್ಲ. ಅದಕ್ಕೇ ಈ ಬರಹ.

ಮೊದಲ ನಮಸ್ಕಾರ ಹಳೇ ಊರಿನ ಅಜ್ಜ ಅಜ್ಜಿಯರಿಗೆ. ಸೈಟು ಕೊಂಡು ಆಮೇಲೆ ಬಂದ ನಮ್ಮಂಥವರ ಕಣ್ಣಿಗೆ ಅದು ಖಾಲಿ ಜಾಗ. ಅದು ಊರ ತೋಪು, ಸಂತೆಗೆ ಹೋಗುವವರು ಬುತ್ತಿ ಬಿಚ್ಚುತ್ತಿದ್ದ ಜಾಗ, ಹುಣಸೆ ಹರಾಜಿನ ಹಣ ಊರಹಬ್ಬಕ್ಕೆ ಹೋಗುತ್ತಿತ್ತು ಎಂದೆಲ್ಲ ಹೇಳಿದವರು ಅವರು. ಆ ಮಾತು ಹಿಡಿದು ಹಳೆಯ ಗ್ರಾಮನಕ್ಷೆ ತೆಗೆಸಿದೆವು. ಸರ್ಕಾರದ ಭೂದಾಖಲೆಯ ದಿಶಾಂಕ್ ಆ್ಯಪ್ ತೆರೆದು ಮರದ ಬುಡದಲ್ಲಿ ನಿಂತೇ ಸರ್ವೆ ನಂಬರ್ ನೋಡಿದೆವು. ದಾಖಲೆಯಲ್ಲಿ ಅದು ಬಿ ಖರಾಬು, ಅಂದರೆ ದಾರಿ, ಹಳ್ಳ, ಕೆರೆಗಳ ಹಾಗೆ ಸಾರ್ವಜನಿಕರಿಗೆಂದೇ ಬಿಟ್ಟ ನೆಲ. ಹಿರಿಯರ ನೆನಪು ಇಲ್ಲದಿದ್ದರೆ ಆ ಕಾಗದವನ್ನು ಹುಡುಕಬೇಕೆಂಬುದೇ ನಮಗೆ ಹೊಳೆಯುತ್ತಿರಲಿಲ್ಲ.

ಎರಡನೆಯದು ಪೌರಕಾರ್ಮಿಕ ಅಕ್ಕಂದಿರಿಗೆ. ಯಾವ ಬೀದಿಯ ಹೊಂಗೆ ಯಾವಾಗ ಎಲೆ ಉದುರಿಸುತ್ತದೆ, ಕೇಬಲ್‌ಗೆಂದು ಅಗೆದಾಗ ಯಾವ ಮರದ ಬೇರು ಕಡಿದರು, ಯಾವ ಗಸಗಸೆ ಹಣ್ಣಿನ ಮರಕ್ಕೆ ಬಾವಲಿ ಬರುತ್ತದೆ, ಇದೆಲ್ಲ ಅವರಿಗೆ ಬಾಯಿಪಾಠ. ಬೆಳಗಿನ ಕೆಲಸ ಮುಗಿಸಿ, ಕಾಫಿ ಕುಡಿಯುವ ಹೊತ್ತಿನಲ್ಲೂ ನಮ್ಮ ಜೊತೆ ನಡೆದರು. ಅವರ ಹೆಸರು ನಕ್ಷೆಯ ಮೇಲ್ಭಾಗದಲ್ಲೇ ಇದೆ, ಇರಬೇಕಾದ ಜಾಗವೇ ಅದು.

ಸರ್ಕಾರಿ ಶಾಲೆಯ ಮಕ್ಕಳು ಟೇಪು ಹಿಡಿದು, ನೆಲದಿಂದ ನಾಲ್ಕೂವರೆ ಅಡಿ ಎತ್ತರದಲ್ಲಿ ಪ್ರತಿ ಮರದ ಸುತ್ತಳತೆ ಬರೆದುಕೊಂಡರು. ಕಾಂಡಕ್ಕೆ ಹೊಡೆದ ಮೊಳೆಗಳನ್ನೂ ಬಿಡದೆ ಬರೆದರು. ಬೀದಿಯಲ್ಲಿ ಮರ ಕಡಿಯಲು 1976ರ ವೃಕ್ಷ ಸಂರಕ್ಷಣಾ ಕಾಯ್ದೆಯಡಿ ವೃಕ್ಷ ಅಧಿಕಾರಿಯ ಅನುಮತಿ ಬೇಕು. ಆದರೆ ರಾತ್ರೋರಾತ್ರಿ ಕಡಿದ ಮೇಲೆ ಅಲ್ಲಿ ಮರ ಇತ್ತೆಂದು ತೋರಿಸುವುದು ಹೇಗೆ? ಈ ಮಕ್ಕಳ ನೋಟ್‌ಬುಕ್ ಈಗ ಆ ಸಾಕ್ಷಿ.

ನನ್ನ ಮಟ್ಟಿಗೆ ಈ ಕೆಲಸದ ಜೀವ ಇರುವುದು ಮರದ ಹೆಸರು, ಅಳತೆಯ ಪಕ್ಕದಲ್ಲಿ ನಾವು ಸೇರಿಸಿದ ಇನ್ನೊಂದು ಕಾಲಂನಲ್ಲಿ: ಈ ನೆರಳಿನಲ್ಲಿ ಯಾರಿರುತ್ತಾರೆ? ಉಪಗ್ರಹದ ಚಿತ್ರದಲ್ಲಿ ಮುಖ್ಯರಸ್ತೆಯ ಮಳೆಮರ ಒಂದು ಹಸಿರು ಚುಕ್ಕೆ. ಅದರಡಿ ಎಳನೀರಿನವರು, ಇಸ್ತ್ರಿ ಗಾಡಿಯವರು, ಚಪ್ಪಲಿ ಹೊಲಿಯುವವರು, ಮಧ್ಯಾಹ್ನ ಊಟದ ಡಬ್ಬಿ ತೆರೆಯುವ ಡೆಲಿವರಿ ಹುಡುಗರು ಇದ್ದಾರೆ. ಈ ಕಾಲಂ ತುಂಬಿಸಿದವರು ಹೂವು ಕಟ್ಟುವ ಅಮ್ಮ. ಅವರು ಹೇಳುತ್ತಾ ಹೋದರು, ನಾವು ಬರೆದುಕೊಂಡೆವು. ತೋಪಿಗೆ ಬೇಲಿ ಬೇಡ ಎಂಬ ನಮ್ಮ ಮನವಿಗೆ ಬಲ ಬಂದದ್ದು ಆ ಪುಟಗಳಿಂದ. ಯಾರ ನೆರಳು ಹೋಗುತ್ತದೆ ಎಂದು ಕಾಗದದಲ್ಲಿ ಕಂಡ ಮೇಲೆ ಚರ್ಚೆಯ ದಾರಿಯೇ ಬೇರೆಯಾಯಿತು.

ಸಭೆಗಳು ಸಲೀಸಾಗಿರಲಿಲ್ಲ. ವಾಕಿಂಗ್‌ಗೆ ಹೋಗುವವರಿಗೆ ಗಟ್ಟಿ ದಾರಿ ಬೇಕಿತ್ತು, ಹುಡುಗರಿಗೆ ಆಟದ ಬಯಲು, ಕಟ್ಟೆಗೆ ಪೂಜೆಗೆ ಬರುವವರಿಗೆ ಶಾಂತಿ. ದಾರಿ ಒಂದು ಅಂಚಿನಲ್ಲಿ ಮಾತ್ರ ಸಾಕು ಎಂದು ಒಪ್ಪಿದ ಹಿರಿಯ ನಾಗರಿಕರಿಗೆ, ಬೇರಿನ ಮೇಲೆ ಬೈಕು ನಿಲ್ಲಿಸುವುದನ್ನು ತಾವಾಗಿಯೇ ಬಿಟ್ಟ ಅಂಗಡಿಯವರಿಗೆ ವಿಶೇಷ ಕೃತಜ್ಞತೆಗಳು. ತಮ್ಮ ಬೇಡಿಕೆ ಬಿಟ್ಟುಕೊಡುವುದು ಸಣ್ಣ ಕೊಡುಗೆಯಲ್ಲ.

ಧೈರ್ಯ ಕೊಟ್ಟವರು ಬೆಂಗಳೂರಿನ ಬೇರೆ ಮೂಲೆಗಳ ಜನ. ಪುಟ್ಟೇನಹಳ್ಳಿ ಕೆರೆಗಾಗಿ 2010ರಲ್ಲಿ ಟ್ರಸ್ಟ್ ಕಟ್ಟಿಕೊಂಡ ನೆರೆಹೊರೆಯವರು ಆಮೇಲೆ ಪಾಲಿಕೆಯ ಜೊತೆ ಒಪ್ಪಂದ ಮಾಡಿಕೊಂಡು ಕೆರೆಯನ್ನು ತಾವೇ ನೋಡಿಕೊಂಡರು. ಕೈಕೊಂಡ್ರಹಳ್ಳಿ ಕೆರೆಯ ಸುತ್ತಲಿನವರು ಅಪಾರ್ಟ್‌ಮೆಂಟಿನವರ ಜೊತೆಗೆ ಮೇವು ಕೊಯ್ಯುವವರ ಮಾತನ್ನೂ ಲೆಕ್ಕಕ್ಕೆ ತೆಗೆದುಕೊಂಡರು. ಅವರಿಂದ ಕಲಿತದ್ದು ಬಹಳ. ನಮ್ಮ ಕಾಗದಗಳನ್ನು ಕೂತು ಓದಿ, ಬಿಸಿಲಲ್ಲಿ ತೋಪಿಗೆ ಬಂದು ನೋಡಿ, ಬೇಲಿ, ಟೈಲ್ಸ್ ಯೋಜನೆಯ ನಕಾಶೆ ತಿದ್ದಿಸಿದ ಕಿರಿಯ ಎಂಜಿನಿಯರ್ ಅವರಿಗೂ ಮನಃಪೂರ್ವಕ ವಂದನೆ.

ನಕ್ಷೆಯ ಒಂದು ದೊಡ್ಡ ಪ್ರತಿಯನ್ನು ಗ್ರಂಥಾಲಯದ ಗೋಡೆಗೆ ಹಾಕಿದ್ದೇವೆ, ಪಕ್ಕದಲ್ಲಿ ಪೆನ್ಸಿಲ್ ಇದೆ. ಬಿಟ್ಟುಹೋದ ಮರ, ಬಾವಿ, ಕಟ್ಟೆ ಇದ್ದರೆ ಬರೆಯಿರಿ. ಮುಂಗಾರಿಗೆ ಮೊದಲು ಬಸ್ ಸ್ಟಾಪಿನ ಸಾಲಿನಲ್ಲಿ ಹೊಂಗೆ ಮತ್ತು ನೇರಳೆ ಸಸಿಗಳಿಗೆ ಗುಂಡಿ ತೆಗೆಯಬೇಕು. ಎಲ್ಲೆಲ್ಲಿ ಎಂಬುದನ್ನು ಅಲ್ಲೇ ಬಿಸಿಲಲ್ಲಿ ವ್ಯಾಪಾರ ಮಾಡುವವರೇ ಸುಣ್ಣದಲ್ಲಿ ಗುರುತು ಮಾಡಿಕೊಟ್ಟಿದ್ದಾರೆ.