ನಾಲ್ಕನೇ ಪುಟದ ಹುಡುಗಿ

ಪ್ರೀತಿಯ ತಂಗೀ,

ಮೇಡಂ ಅಂತೆಲ್ಲ ಬರೆಯಬೇಡ, ಅಕ್ಕ ಅಂದರೆ ಸಾಕು. ನಿನ್ನ ಕಥೆ ಎರಡು ಸಲ ಓದಿದೆ. ಕಾಗುಣಿತದ ತಪ್ಪು, ಪ್ರಕಾಶಕರ ವಿಳಾಸ, ಅದನ್ನೆಲ್ಲ ಬೇರೆ ಯಾರಾದರೂ ಹೇಳಿಕೊಡುತ್ತಾರೆ. ನನಗೆ ಸಿಟ್ಟು ಬಂದಿದ್ದು ನಾಲ್ಕನೇ ಪುಟದಲ್ಲಿ. ಕಾದಂಬರಿ ಓದಿ ದಿಂಬು ಒದ್ದೆ ಮಾಡಿಕೊಳ್ಳುವ ಆ ಹುಡುಗಿಯನ್ನು ಎಷ್ಟು ಗೇಲಿ ಮಾಡಿದ್ದೀಯ! ಪತ್ರ ನೋಡಿದರೆ ಆ ಹುಡುಗಿ ನೀನೇ. ಹದಿನಾರರಲ್ಲಿ ಪ್ರಾಣ ಬಿಡುತ್ತಿದ್ದ ಪುಸ್ತಕಗಳು ಈಗ ಸಪ್ಪೆ ಅನ್ನಿಸಿದವಂತೆ. ಅಂಥವನ್ನು ಮೆಚ್ಚಿದವಳು ಇನ್ನೇನು ಬರೆದೇನು ಅಂತ ಗೋಳಾಡಿದ್ದೀಯ.

ನಾನೂ ಈ ನಾಟಕ ಆಡಿದವಳೇ. ಸಂದರ್ಶನದಲ್ಲಿ ಚಿಕ್ಕಂದಿನ ಓದು ಕೇಳಿದಾಗಲೆಲ್ಲ ಕಾರಂತ, ಕುವೆಂಪು ಅಂತ ಒದರಿದೆ. ನಿಜವಾಗಿ ಓದಿದ್ದು ಬಾಡಿಗೆ ಲೈಬ್ರರಿಯ ಪುಸ್ತಕ. ಖಾಕಿ ರಟ್ಟು, ಒಳಗೆ ಯಾರದೋ ಎಣ್ಣೆ ಬೆರಳಿನ ಗುರುತು. ಎನ್. ನರಸಿಂಹಯ್ಯನವರ ಪತ್ತೇದಾರಿಯಾದರೆ ಮೊದಲ ಪುಟದಲ್ಲೇ ಕೊಲೆಗಾರನ ಹೆಸರು, ಪೆನ್ಸಿಲ್ಲಿನಲ್ಲಿ! ಆ ಪುಣ್ಯಾತ್ಮ ಸಿಕ್ಕರೆ ಇವತ್ತಿಗೂ ಬಿಡುವುದಿಲ್ಲ.

ಹೋದ ತಿಂಗಳು ತ್ರಿವೇಣಿಯವರ 'ಶರಪಂಜರ' ಮತ್ತೆ ಓದಿದೆ. ಮನಃಶಾಸ್ತ್ರ ಓದಿಕೊಂಡಿದ್ದ ಆಕೆ 1963ರಲ್ಲಿ, 35 ತುಂಬುವ ಮೊದಲೇ ಹೋಗಿಬಿಟ್ಟರು. ಈಗ ನಾನು ಆಕೆಗಿಂತ ಮೂವತ್ತು ವರ್ಷ ದೊಡ್ಡವಳು, ವಿಚಿತ್ರ ಅಲ್ವಾ? ಅಲ್ಲಲ್ಲಿ ಮಾತು ಜಾಸ್ತಿಯಾಯಿತು ಅನ್ನಿಸಿದ್ದು ನಿಜ. ಆದರೆ ಹದಿನೈದರಲ್ಲಿ ನಾನು ಬೈದಿದ್ದು ನಾಯಕಿ ಕಾವೇರಿಯ ಗಂಡನನ್ನು ಮಾತ್ರ. ಈ ಸಲ ಕಣ್ಣಿಗೆ ಬಿದ್ದವರು ಸುತ್ತಲಿನವರು. ಹೆರಿಗೆಯ ನಂತರ ಮನಸ್ಸು ಹದ ತಪ್ಪಿ, ಆಸ್ಪತ್ರೆಯಲ್ಲಿ ವಾಸಿಯಾಗಿ ಬಂದವಳನ್ನು ಓರೆಗಣ್ಣಿನಲ್ಲೇ ನೋಡುತ್ತಾರಲ್ಲ, ಅವರು.

ನಮ್ಮ ಬೀದಿಯಲ್ಲೂ ಅಂಥ ಒಬ್ಬಾಕೆ ಇದ್ದರು. ಆಸ್ಪತ್ರೆಯಿಂದ ಬಂದ ಮೇಲೆ ಸಂಜೆ ಬಾಗಿಲಲ್ಲಿ ನಿಂತು, "ಬಾ ಪುಟ್ಟಿ, ಚಕ್ಕುಲಿ ತಿಂದು ಹೋಗು" ಅನ್ನುತ್ತಿದ್ದರು. ಕಾವೇರಿಗಾಗಿ ಅತ್ತ ಅದೇ ವಾರ, ಅದೇ ಪುಸ್ತಕ ಕಂಕುಳಲ್ಲಿಟ್ಟುಕೊಂಡು, ಆಕೆಯ ಮನೆ ಬರುವ ಮೊದಲೇ ನಾನು ರಸ್ತೆಯ ಆಚೆ ಬದಿಗೆ ದಾಟುತ್ತಿದ್ದೆ.

ನಲವತ್ತು ವರ್ಷ ಬರೆದಿದ್ದೇನೆ. ಒಂದು ಕಥೆಯಲ್ಲೂ ಆಕೆ ಇಲ್ಲ. ನೆನಪಿರಲಿಲ್ಲ ಅಂದರೆ ಸುಳ್ಳಾಗುತ್ತದೆ.

ನಿನ್ನ ಹುಡುಗಿ ದಿಂಬಿನಿಂದ ಮುಖ ಎತ್ತಿದ ಮೇಲೆ ಏನು ಮಾಡಿದಳು? ಅಡುಗೆಮನೆಗೆ ಹೋದಳಾ, ಯಾರ ಮೇಲಾದರೂ ರೇಗಿದಳಾ? ಅಷ್ಟು ಬರೆದು ಕಳಿಸು. ಟೈಪ್ ಮಾಡಿಸಿ ಕಳಿಸು ಮಾರಾಯ್ತಿ, ನಿನ್ನ ಕೈಬರಹ ಓದಿ ಕಣ್ಣು ನೋಯುತ್ತಿದೆ.

ನಿನ್ನ
ಅಕ್ಕ