ತೆಂಗಿನ ಚಿಪ್ಪಿನ ತಲೆಗೆ ಮೆಂತ್ಯದ ಕೂದಲು

ಮೈಸೂರಿನ ದೇವರಾಜ ಮಾರುಕಟ್ಟೆಯಲ್ಲಿ ಸೊಪ್ಪು ಮಾರುತ್ತಿದ್ದ ಅಜ್ಜಿಗೆ ಈ ಬರಹ. ನಿಮ್ಮ ಹೆಸರು ಕೇಳಲಿಲ್ಲವಲ್ಲ ಅಂತ ಈಗ ಬೇಜಾರಾಗುತ್ತಿದೆ.

ಅಜ್ಜಿ, ಅವತ್ತು ನನ್ನ ಮಗಳು ಮುಖ ಸಪ್ಪೆ ಮಾಡಿಕೊಂಡು ನಿಂತಿದ್ದಳು. ಲೋಟದಲ್ಲಿ ಹಾಕಿದ್ದ ಕೊತ್ತಂಬರಿ ಬೀಜ ಎರಡು ಸಲವೂ ಕೊಳೆತು ಹೋಗಿತ್ತು. ನೀವು ವ್ಯಾಪಾರ ಬಿಟ್ಟು ಅವಳನ್ನು ಹತ್ತಿರ ಕರೆದಿರಿ. "ಲೋಟಕ್ಕೆ ತೂತಿಲ್ಲ ಕಂದ, ನೀರು ನಿಲ್ತದೆ. ಮೊದಲು ಮೆಂತ್ಯ ಹಾಕು, ಬೇಗ ಬರ್ತದೆ" ಅಂದಿರಿ. ತೆಂಗಿನ ಚಿಪ್ಪಿನ ಮೂರು ಕಣ್ಣಲ್ಲಿ ಒಂದು ಮಾತ್ರ ಮೆತ್ತಗಿರುತ್ತದೆ, ಅದನ್ನು ಚುಚ್ಚಿದರೆ ನೀರು ಇಳಿಯಲು ದಾರಿ ಅಂತ ಬೆರಳಿಟ್ಟು ತೋರಿಸಿದಿರಿ. ಎಷ್ಟು ಸುಲಭ, ಅಲ್ವಾ!

ರಾತ್ರಿಯೇ ಒಂದು ಚಮಚ ಮೆಂತ್ಯ ನೆನೆಸಿದೆವು. ಬೆಳಗ್ಗೆ ಚಿಪ್ಪಿಗೆ ಮಣ್ಣು ತುಂಬಿ, ಬೀಜ ಹರಡಿ, ಮೇಲೆ ತೆಳ್ಳಗೆ ಮಣ್ಣು ಉದುರಿಸಿದಳು. ಹೊರಗೆ ಸುಣ್ಣದಲ್ಲಿ ಕಣ್ಣು, ಮೂಗು, ದೊಡ್ಡ ಮೀಸೆ. ನೀರು ಜಾಸ್ತಿ ಹಾಕದೆ ಕೈಯಲ್ಲಿ ಚಿಮುಕಿಸಿದಳು. ಮೂರನೇ ದಿನ ಮೊಳಕೆ ಕಂಡಾಗ ಮನೆಯವರನ್ನೆಲ್ಲ ಎಬ್ಬಿಸಿಬಿಟ್ಟಳು. ವಾರ ಕಳೆಯುವಷ್ಟರಲ್ಲಿ ಮೀಸೆಯವನಿಗೆ ಹಸಿರು ಕೂದಲು! ಕತ್ತರಿಯಲ್ಲಿ ಅವಳೇ ಕಟಿಂಗ್ ಮಾಡಿದಳು. ಆ ಒಂದು ಹಿಡಿ ಸೊಪ್ಪು ಅಕ್ಕಿ ರೊಟ್ಟಿಗೆ ಹೋಯಿತು.

ಕೊತ್ತಂಬರಿ ಕಾಳನ್ನು ಉಜ್ಜಿ ಎರಡು ಹೋಳು ಮಾಡಿ ಹಾಕಬೇಕು, ಹತ್ತು ದಿನವಾದರೂ ಕಾಯಬೇಕು ಅಂದಿದ್ದಿರಿ. ಕಾದಳು ಅಜ್ಜಿ. ಇವತ್ತು ಬೆಳಗ್ಗೆ ಅದೂ ತಲೆ ಎತ್ತಿದೆ. ಮುಂದಿನ ಭಾನುವಾರ ಆ ಚಿಪ್ಪು ಹಿಡಿದುಕೊಂಡು ನಿಮ್ಮ ಹತ್ತಿರ ಬರುತ್ತಿದ್ದೇವೆ.