ಕಿಟ್‌ನಲ್ಲಿ ಇನ್ನು ಎರಡು ತುಂಡಿನ ಬ್ಲ್ಯಾಂಕ್: ನಮ್ಮ ಗ್ರಾಹಕರಿಗೆ ಪತ್ರ

ಆತ್ಮೀಯ ಗ್ರಾಹಕರಿಗೆ ನಮಸ್ಕಾರಗಳು.

ಮನೆಯಲ್ಲೇ ಗಾಳದ ಕೋಲು ಕಟ್ಟಲು ಕಲಿಯುವ ಹೊಸಬರಿಗೆಂದು ನಾವು ಮಾರುತ್ತಿರುವ ಕಿಟ್‌ನಲ್ಲಿ ಮುಂದಿನ ತಿಂಗಳ ಮೊದಲ ದಿನದಿಂದ ಏಳು ಅಡಿಯ ಒಂದೇ ತುಂಡಿನ ಬ್ಲ್ಯಾಂಕ್ (ಹಿಡಿಕೆ, ಗೈಡ್ ಏನೂ ಕೂರಿಸದ ಬರಿಯ ಕಾರ್ಬನ್ ಕೋಲು) ಇರುವುದಿಲ್ಲ. ಅದರ ಬದಲು ಅಷ್ಟೇ ಉದ್ದದ, ಅಷ್ಟೇ ಬಲದ, ನಡುವೆ ಜೋಡಿಸಿಕೊಳ್ಳುವ ಎರಡು ತುಂಡಿನ ಬ್ಲ್ಯಾಂಕ್ ಇರುತ್ತದೆ. ಕಿಟ್‌ನ ಬೆಲೆ 3,600 ರೂಪಾಯಿಯಿಂದ 3,950 ರೂಪಾಯಿಗೆ ಏರುತ್ತದೆ. ಗೈಡ್‌ಗಳು (ಗಾಳದ ದಾರ ಹಾಯುವ ಬಳೆಗಳು), ರೀಲ್ ಕೂರಿಸುವ ರೀಲ್ ಸೀಟ್, ಕಾರ್ಕ್ ಹಿಡಿಕೆ, ಸುತ್ತಲು ನೈಲಾನ್ ದಾರ, ಬೆರೆಸಿದಾಗ ಗಟ್ಟಿಯಾಗುವ ಅಂಟಾದ ಎಪಾಕ್ಸಿಯ ಎರಡು ಬಾಟಲಿ ಮತ್ತು ಅಳತೆಯ ಸಿರಿಂಜುಗಳು ಮೊದಲಿನಂತೆಯೇ ಇರುತ್ತವೆ. ಈಗಾಗಲೇ ಹಣ ಕಟ್ಟಿ ಕಾಯುತ್ತಿರುವವರಿಗೆ ಹಳೆಯ ಬೆಲೆಯಲ್ಲೇ, ಅವರು ಕೇಳಿದ ಒಂದೇ ತುಂಡಿನ ಬ್ಲ್ಯಾಂಕನ್ನೇ ಕಳಿಸುತ್ತೇವೆ. ಆ ವಿಷಯದಲ್ಲಿ ಯಾರೂ ಆತಂಕಪಡಬೇಕಾಗಿಲ್ಲ.

ಇಷ್ಟು ಕಡಿಮೆ ಮುನ್ಸೂಚನೆಯಲ್ಲಿ ತಿಳಿಸಬೇಕಾಗಿ ಬಂದದ್ದಕ್ಕೆ ಕ್ಷಮೆ ಕೋರುತ್ತೇವೆ. ಮಳೆಗಾಲ ಮುಗಿದು ಹಿನ್ನೀರು ತಿಳಿಯಾಗುವ ಹೊತ್ತಿಗೆ ಕೋಲು ಸಿದ್ಧವಿರಬೇಕೆಂದು ಹಲವರು ಲೆಕ್ಕ ಹಾಕಿಕೊಂಡಿದ್ದೀರಿ ಎಂಬುದು ನಮಗೆ ಗೊತ್ತಿದೆ. ಆದರೆ ಕಳೆದ ಕೆಲವು ವಾರಗಳಿಂದ ಅಂಗಡಿಗೆ ಬಂದವರು, ಫೋನ್ ಮಾಡಿದವರು ಆಡಿದ ಕೆಲವು ಮಾತುಗಳಿಗೆ ಉತ್ತರ ಕೊಡದೆ ಬರಿಯ ಬೆಲೆಪಟ್ಟಿ ಕಳಿಸಿದರೆ ಅದು ನಿಮಗೂ ನ್ಯಾಯವಲ್ಲ, ನಮಗೂ ನ್ಯಾಯವಲ್ಲ. ಆದ್ದರಿಂದ ಈ ಪತ್ರ ಸ್ವಲ್ಪ ದೀರ್ಘವಾಗಿದೆ.

ಮೊದಲು ಖರ್ಚಿನ ಮಾತು. ಕೊರಿಯರ್‌ನವರು ತೂಕವನ್ನು ತಕ್ಕಡಿಯಿಂದ ಮಾತ್ರ ನೋಡುವುದಿಲ್ಲ. ಪೆಟ್ಟಿಗೆಯ ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರ್‌ಗಳಲ್ಲಿ ಗುಣಿಸಿ, ಬಂದದ್ದನ್ನು ಸಾಮಾನ್ಯವಾಗಿ 5,000ದಿಂದ ಭಾಗಿಸಿ, ಆ ಅಂಕಿ ನಿಜವಾದ ತೂಕಕ್ಕಿಂತ ಹೆಚ್ಚಾಗಿದ್ದರೆ ಅದಕ್ಕೇ ಹಣ ವಸೂಲು ಮಾಡುತ್ತಾರೆ. ಏಳು ಅಡಿಯ ಬ್ಲ್ಯಾಂಕ್ ಹೋಗುವ ಕೊಳವೆ ಸುಮಾರು 215 ಸೆಂಟಿಮೀಟರ್ ಉದ್ದ, 8 ಸೆಂಟಿಮೀಟರ್ ದಪ್ಪ. ಒಳಗಿನ ಸಾಮಾನೆಲ್ಲ ಸೇರಿ ಒಂದು ಕಿಲೋ ತೂಗದಿದ್ದರೂ ಈ ಲೆಕ್ಕದಲ್ಲಿ ಅದು ಎರಡೂ ಮುಕ್ಕಾಲು ಕಿಲೋ ಆಗುತ್ತದೆ, ಬಿಲ್ಲಿನಲ್ಲಿ ಮೂರು ಕಿಲೋ ಎಂದು ಬರುತ್ತದೆ. ಅದರ ಮೇಲೆ ಅತಿ ಉದ್ದದ ಪಾರ್ಸೆಲ್ ಎಂದು ಬೇರೆ ಶುಲ್ಕ. ಚಿಕ್ಕೋಡಿ, ಗೋಕಾಕ, ಸವದತ್ತಿಯ ಕಡೆಯ ಗ್ರಾಹಕರು ಬಿಲ್ಲು ನೋಡಿ ನಾವೇ ಸಾಗಣೆಯಲ್ಲಿ ಲಾಭ ಇಟ್ಟುಕೊಂಡಿದ್ದೇವೆಂದು ತಿಳಿದದ್ದುಂಟು. ಆ ಹಣದಲ್ಲಿ ಒಂದು ರೂಪಾಯಿಯೂ ಅಂಗಡಿಯ ಗಲ್ಲೆಗೆ ಬಿದ್ದಿಲ್ಲ ಎಂಬುದನ್ನು ಇಲ್ಲಿ ಸ್ಪಷ್ಟವಾಗಿ ಹೇಳಬೇಕಾಗಿದೆ. ಎರಡು ತುಂಡಿನ ಬ್ಲ್ಯಾಂಕ್ 115 ಸೆಂಟಿಮೀಟರ್‌ನ ಅದೇ ದಪ್ಪದ ಕೊಳವೆಯಲ್ಲಿ ಹಿಡಿಯುತ್ತದೆ; ಅದರ ಲೆಕ್ಕ ಒಂದೂವರೆ ಕಿಲೋಗೆ ನಿಲ್ಲುತ್ತದೆ. ಈ ಉಳಿತಾಯವೂ ಪೂರ್ತಿ ನಿಮ್ಮದೇ, ಏಕೆಂದರೆ ಸಾಗಣೆ ವೆಚ್ಚವನ್ನು ಎಂದಿನಂತೆ ಕಿಟ್‌ನ ಬೆಲೆಯಿಂದ ಬೇರೆಯಾಗಿಯೇ ತೋರಿಸುತ್ತೇವೆ.

ಬಸ್ಸಿನಲ್ಲಿ ಕಳಿಸಿದ ಕೊಳವೆಗಳ ಗತಿಯೂ ಇದಕ್ಕಿಂತ ಚೆನ್ನಾಗಿರಲಿಲ್ಲ. ಏಳು ಅಡಿಯ ಪೈಪು ಡಿಕ್ಕಿಯಲ್ಲಿ ನೇರವಾಗಿ ಮಲಗುವುದು ಕಷ್ಟ. ಓರೆಯಾಗಿ ತುರುಕಿ, ಮೇಲೆ ಈರುಳ್ಳಿ ಚೀಲ ಬಿದ್ದರೆ ತುದಿಯ ಒಂದೂವರೆ ಅಡಿ ಬ್ಲ್ಯಾಂಕ್ ಒಳಗೇ ನಲುಗುತ್ತದೆ. ಕಾರ್ಬನ್ ನಾರಿನ ಬ್ಲ್ಯಾಂಕ್ ಬಾಗುವುದಕ್ಕೆ ಅಂಜುವುದಿಲ್ಲ, ಪಕ್ಕದಿಂದ ಬೀಳುವ ಹೊಡೆತಕ್ಕೆ ಅಂಜುತ್ತದೆ. ಗೋಡೆಯ ದಪ್ಪ ಒಂದು ಮಿಲಿಮೀಟರ್‌ಗಿಂತ ಕಡಿಮೆಯಿರುವ ಆ ತುದಿಯಲ್ಲಿ ಹೊರಗೆ ಏನೂ ಕಾಣದ ಗಾಯ ಆಗಿರುತ್ತದೆ, ಎರಡು ತಿಂಗಳ ನಂತರ ಒಳ್ಳೆಯ ಕಾಟ್ಲಾ ಎಳೆದಾಗ ಅಲ್ಲಿಯೇ ಮುರಿಯುತ್ತದೆ. ಹಾಗೆ ಮುರಿದ ಕೋಲುಗಳಿಗೆಲ್ಲ ಬ್ಲ್ಯಾಂಕ್ ಬದಲಾಯಿಸಿ ಕೊಟ್ಟಿದ್ದೇವೆ. ಪೆಟ್ಟು ಎಲ್ಲಿ ಬಿದ್ದಿತ್ತೆಂದು ತೋರಿಸಲು ಸಾಧ್ಯವಿಲ್ಲದ್ದರಿಂದ ಆ ಖರ್ಚು ಪ್ರತಿ ಸಲವೂ ನಮ್ಮ ಮೇಲೆಯೇ ಬಂದಿದೆ.

ಇನ್ನು ಸಾಗಣೆಯ ವೆಚ್ಚ ಇಳಿದ ಮೇಲೆ ಕಿಟ್‌ನ ಬೆಲೆ ಏಕೆ ಏರಬೇಕು ಎಂಬ ಪ್ರಶ್ನೆ ಸರಿಯಾದದ್ದೇ. ಎರಡು ತುಂಡಿನ ಬ್ಲ್ಯಾಂಕ್ ತಯಾರಾಗುವುದೇ ಹೆಚ್ಚು ಬೆಲೆಗೆ. ಉಕ್ಕಿನ ಸಲಾಕೆಯ ಮೇಲೆ ಕಾರ್ಬನ್ ಬಟ್ಟೆಯನ್ನು ಸುತ್ತಿ ಒಲೆಯಲ್ಲಿ ಬೇಯಿಸುವ ಕೆಲಸ ಒಂದರ ಬದಲು ಎರಡು ಸಲ ಆಗಬೇಕು, ಜೋಡಣೆಯ ಜಾಗದಲ್ಲಿ ಹೆಚ್ಚಿನ ಬಟ್ಟೆ ಬೇಕು, ಒಂದು ತುಂಡು ಇನ್ನೊಂದರ ಮೇಲೆ ಅಲುಗಾಡದೆ ಕೂರುವಂತೆ ಕೈಯಿಂದ ಉಜ್ಜಿ ಅಳತೆಗೆ ತರಬೇಕು. ನಮ್ಮ ಬ್ಲ್ಯಾಂಕ್‌ಗಳು ಚೀನಾದ ಶಾನ್‌ಡಾಂಗ್ ಪ್ರಾಂತ್ಯದ ವೇಹೈ ನಗರದಿಂದ ಮುಂಬೈ ಮಾರ್ಗವಾಗಿ ಬರುತ್ತವೆ, ಲೆಕ್ಕವೆಲ್ಲ ಡಾಲರ್‌ನಲ್ಲಿ. 2020ರಲ್ಲಿ 75 ರೂಪಾಯಿಯ ಆಸುಪಾಸಿನಲ್ಲಿದ್ದ ಡಾಲರ್ 2025ರ ಡಿಸೆಂಬರ್‌ನಲ್ಲಿ 90 ದಾಟಿತು. ಹಿಡಿಕೆಯ ಕಾರ್ಕ್ ಪೋರ್ಚುಗಲ್‌ನದು. ಅಲ್ಲಿ ಒಂದು ಮರದ ತೊಗಟೆಯನ್ನು ಒಂಬತ್ತು ವರ್ಷಕ್ಕೊಮ್ಮೆ ಮಾತ್ರ ಸುಲಿಯುತ್ತಾರಾದ್ದರಿಂದ ಬೇಡಿಕೆ ಹೆಚ್ಚಿದೆಯೆಂದು ಬೆಳೆ ಹೆಚ್ಚುವುದಿಲ್ಲ. ಅಗ್ಗದ ಫೋಮ್ ಹಿಡಿಕೆ ಹಾಕಿದ್ದರೆ 3,600ಕ್ಕೇ ನಿಲ್ಲಿಸಬಹುದಿತ್ತು. ಹೊಸಬರು ಮೊದಲ ಸಲ ಕಟ್ಟುವ ಕೋಲು ಅವರ ಕೈಯಲ್ಲಿ ಹತ್ತಾರು ವರ್ಷ ಇರಬೇಕೆಂಬುದು ನಮ್ಮ ಆಸೆಯಾದ್ದರಿಂದ ಕಾರ್ಕನ್ನು ಉಳಿಸಿಕೊಂಡೆವು.

ನವನಗರದ ಅಂಗಡಿಗೇ ಬಂದು ಒಯ್ಯುವವರಿಗೆ ಸಾಗಣೆಯ ಉಳಿತಾಯ ಸಿಗುವುದಿಲ್ಲ, ಬೆಲೆಯ ಏರಿಕೆ ಮಾತ್ರ ತಟ್ಟುತ್ತದೆ. ಅವರಲ್ಲಿ ಹೆಚ್ಚಿನವರು ನಮ್ಮ ಅತ್ಯಂತ ಹಳೆಯ ಗ್ರಾಹಕರು. ಇದಕ್ಕೆ ನಾವು ಮನಃಪೂರ್ವಕ ವಿಷಾದಿಸುತ್ತೇವೆ.

ಈಗ ಎಲ್ಲರೂ ಹೇಳುತ್ತಿರುವ ಮಾತಿಗೆ ಬರುತ್ತೇವೆ: “ಜಾಯಿಂಟ್ ಇದ್ದ ಕೋಲು ಜಾಯಿಂಟ್‌ನಲ್ಲೇ ಮುರೀತದ.” ಅಂಗಡಿಯಲ್ಲಿ, ಫೋನಿನಲ್ಲಿ, ಕೊಲ್ಹಾರದ ಸೇತುವೆಯ ಹತ್ತಿರ ಗಾಳ ಹಾಕುವಾಗ ಭೇಟಿಯಾದವರಿಂದಲೂ ಇದನ್ನೇ ಕೇಳಿದ್ದೇವೆ. ಈ ನಂಬಿಕೆಗೆ ಕಾರಣವಿಲ್ಲದಿಲ್ಲ. ಹಿಂದೆ ಬಿದಿರಿನ ಸೀಳುಗಳನ್ನು ಅಂಟಿಸಿ ಮಾಡುತ್ತಿದ್ದ ಕೋಲುಗಳಲ್ಲಿ ತುಂಡುಗಳನ್ನು ಲೋಹದ ಕೊಳವೆಗಳಿಂದ ಜೋಡಿಸುತ್ತಿದ್ದರು. ಲೋಹ ಬಾಗುವುದಿಲ್ಲ, ಅದರ ಎರಡೂ ಬದಿಯ ಬಿದಿರು ಬಾಗುತ್ತದೆ. ಹೀಗಾಗಿ ಭಾರವೆಲ್ಲ ಲೋಹದ ಅಂಚಿಗೆ ಬಂದು ಅಲ್ಲಿಯೇ ಮುರಿಯುತ್ತಿತ್ತು. ಇಂದು ಸಂತೆಯಲ್ಲಿ ಸಿಗುವ ಅಗ್ಗದ ಕೋಲುಗಳಲ್ಲಿಯೂ ಜೋಡಣೆ ಸಡಿಲವಾಗಿರುತ್ತದೆ. ನಮ್ಮ ಕಿಟ್‌ನ ಬ್ಲ್ಯಾಂಕ್ ಆ ಎರಡೂ ಬಗೆಯದಲ್ಲ. ಇದರಲ್ಲಿ ಮೇಲಿನ ತುಂಡಿನ ಕೆಳಬಾಯಿ ಕೆಳಗಿನ ತುಂಡಿನ ತುದಿಯ ಮೇಲೆ ಎರಡೂವರೆ ಅಂಗುಲದಷ್ಟು ಕೂರುತ್ತದೆ, ಎರಡೂ ಕಾರ್ಬನ್ನೇ, ಎರಡೂ ಜೊತೆಯಾಗಿಯೇ ಬಾಗುತ್ತವೆ. ಹೊಳೆ, ತೊರೆಗಳಲ್ಲಿ ಕೃತಕ ನೊಣದಿಂದ ಮೀನು ಹಿಡಿಯುವ ಕೋಲುಗಳಿಗೆ ಇಂದು ನಾಲ್ಕು ತುಂಡು ಸಾಮಾನ್ಯ. ಕಡಲತೀರದಿಂದ ಬೀಸುವ ಹನ್ನೆರಡು ಅಡಿಯ ಕೋಲುಗಳಿಗೆ ಎರಡೋ ಮೂರೋ ತುಂಡು. ಜೋಡಣೆ ಸ್ವಭಾವತಃ ದುರ್ಬಲವಾಗಿದ್ದರೆ ಅವು ಯಾವುವೂ ಬಳಕೆಯಲ್ಲಿ ಉಳಿಯುತ್ತಿರಲಿಲ್ಲ.

ಜೋಡಣೆಯಲ್ಲಿ ಮುರಿದ ಕೋಲುಗಳನ್ನು ನಾವೂ ನೋಡಿದ್ದೇವೆ, ಆದರೆ ಅವು ಮುರಿದದ್ದು ಬ್ಲ್ಯಾಂಕ್‌ನ ದೋಷದಿಂದಲ್ಲ, ದಾರ ಸುತ್ತದೆ ಬಿಟ್ಟದ್ದರಿಂದ. ಕಾರ್ಬನ್ ಬ್ಲ್ಯಾಂಕ್‌ನ ನಾರುಗಳಲ್ಲಿ ಹೆಚ್ಚಿನವು ಉದ್ದಕ್ಕೆ ಓಡುತ್ತವೆ. ಕೋಲಿಗೆ ಚಿಮ್ಮುವ ಗುಣ ಬರುವುದೇ ಅದರಿಂದ. ಕೋಲು ಬಾಗಿದಾಗ ಒಳಗಿನ ತುದಿ ಮೇಲಿನ ತುಂಡಿನ ಬಾಯಿಯನ್ನು ಒಳಗಿನಿಂದ ಅಗಲಿಸಲು ನೋಡುತ್ತದೆ, ಉದ್ದ ನಾರುಗಳು ಆ ಸೆಳೆತವನ್ನು ತಡೆಯಲಾರವು, ಬಾಯಿಯ ಅಂಚಿನಿಂದ ಕೂದಲೆಳೆಯಂಥ ಸೀಳು ಮೇಲಕ್ಕೆ ಹೋಗುತ್ತದೆ. ಬಂಡಿಯ ಗಾಲಿಗೆ ಕಬ್ಬಿಣದ ಹಳಿ ಹಾಕಿದಂತೆ ಈ ಬಾಯಿಗೆ ಸುತ್ತಲೂ ದಾರದ ಕಟ್ಟು ಬೇಕು. ಅಂಚಿನಿಂದ ಒಂದು ಮಿಲಿಮೀಟರ್ ಬಿಟ್ಟು ಆರಂಭಿಸಿ, ಎಳೆಗೆ ಎಳೆ ತಾಗುವಂತೆ, ನಡುವೆ ಬ್ಲ್ಯಾಂಕ್‌ನ ಕಪ್ಪು ಕಾಣದಂತೆ ಒಂದು ಅಂಗುಲದಷ್ಟು ಸುತ್ತಿ, ಎಪಾಕ್ಸಿಯಲ್ಲಿ ನೆನೆಸಿ ಗಟ್ಟಿಯಾಗಲು ಬಿಟ್ಟರೆ ಆ ಜಾಗ ಕೋಲಿನಲ್ಲೇ ಅತ್ಯಂತ ಬಲವಾದ ಜಾಗಗಳಲ್ಲಿ ಒಂದಾಗುತ್ತದೆ. ಮೊದಲ ಕೋಲು ಕಟ್ಟುವವರು ಗೈಡ್‌ಗಳ ಕಾಲುಗಳಿಗೆ ದಾರ ಸುತ್ತಲು ಹೇಗೂ ಕಲಿಯುತ್ತೀರಿ. ಗೈಡ್‌ನ ಕಾಲು ನಡುವೆ ಇಲ್ಲದಿರುವುದರಿಂದ ಈ ಕಟ್ಟು ಅವುಗಳಿಗಿಂತ ಸುಲಭ. ಇದನ್ನೇ ಮೊದಲು ಸುತ್ತಿ ಕೈ ಪಳಗಿಸಿಕೊಳ್ಳಿ ಎಂಬುದು ನಮ್ಮ ಸಲಹೆ.

ಎಪಾಕ್ಸಿ ಹಚ್ಚುವಾಗ ಒಂದು ಎಚ್ಚರ ಅಗತ್ಯ. ಒಂದು ಹನಿ ಬಾಯಿಯೊಳಗೆ ಇಳಿದು ಗಟ್ಟಿಯಾದರೂ ಕೆಳಗಿನ ತುಂಡು ಪೂರ್ತಿ ಒಳಗೆ ಹೋಗುವುದಿಲ್ಲ, ಅರ್ಧಕ್ಕೆ ನಿಂತ ಜೋಡಣೆ ಮುರಿಯುವುದು ಖಚಿತ. ಕಾಗದವನ್ನು ಬಿಗಿಯಾಗಿ ಸುರುಳಿ ಮಾಡಿ ಬಾಯಿಗೆ ತುರುಕಿ, ಎಪಾಕ್ಸಿ ಗಟ್ಟಿಯಾದ ಮೇಲೆ ತೆಗೆಯಬೇಕು. ಎರಡೂ ಬಾಟಲಿಗಳಿಂದ ಬೇರೆ ಬೇರೆ ಸಿರಿಂಜಿನಲ್ಲಿ ಸಮ ಅಳತೆ ತೆಗೆದುಕೊಳ್ಳಬೇಕು. ನಮ್ಮ ಭಾಗದ ಏಪ್ರಿಲ್ ಬಿಸಿಲಿನಲ್ಲಿ ಬೆರೆಸಿದ ಎಪಾಕ್ಸಿ ಬಟ್ಟಲಿನಲ್ಲೇ ಬೇಗ ಗಟ್ಟಿಯಾಗುವುದರಿಂದ ಬೆಳಗಿನ ತಂಪಿನಲ್ಲಿ, ಸ್ವಲ್ಪ ಸ್ವಲ್ಪವೇ ಬೆರೆಸುವುದು ಒಳ್ಳೆಯದು.

ಎರಡು ತುಂಡು ಎಂದರೆ ಬೆನ್ನು ಹುಡುಕುವ ಕೆಲಸವೂ ಎರಡು ಸಲ. ತುಂಡಿನ ಒಂದು ತುದಿಯನ್ನು ಮೇಜಿನ ಮೇಲೆ ಊರಿ, ನಡುವೆ ಮೆಲ್ಲಗೆ ಒತ್ತಿ ಬಾಗಿಸಿ ಉರುಳಿಸಿದರೆ ಅದು ಒಂದು ಕಡೆಗೆ ತಾನಾಗಿ ಹೊರಳಿ ನಿಲ್ಲುತ್ತದೆ, ಅದೇ ಬೆನ್ನು. ಎರಡೂ ತುಂಡುಗಳಲ್ಲಿ ಅದನ್ನು ಗುರುತಿಸಿ ಒಂದೇ ಸಾಲಿಗೆ ತಂದು, ಜೋಡಣೆಯ ಎರಡೂ ಬದಿಗೆ ಚುಕ್ಕೆ ಇಟ್ಟುಕೊಂಡರೆ ಮುಂದೆ ಪ್ರತಿ ಸಲವೂ ಗೈಡ್‌ಗಳು ನೇರ ಸಾಲಿನಲ್ಲಿ ಬರುತ್ತವೆ. ಗೈಡ್ ಇಡುವ ಅಳತೆಯ ಹಾಳೆಯನ್ನು ಹೊಸ ಬ್ಲ್ಯಾಂಕ್‌ಗೆ ತಕ್ಕಂತೆ ತಿದ್ದಿದ್ದೇವೆ, ಯಾವ ಗೈಡೂ ಜೋಡಣೆಯ ಮೇಲೆ ಬೀಳದಂತೆ. ಆದರೂ ದಾರ ಸುತ್ತುವ ಮೊದಲು ಗೈಡ್‌ಗಳನ್ನು ಟೇಪಿನಿಂದ ಅಂಟಿಸಿ, ಗಾಳದ ದಾರ ಹಾಯಿಸಿ, ಕೋಲನ್ನು ಬಾಗಿಸಿ ನೋಡುವುದನ್ನು ಬಿಡಬೇಡಿ. ದಾರ ಎಲ್ಲಿಯಾದರೂ ಗೈಡ್‌ಗಳ ನಡುವೆ ನೇರವಾಗಿ ಎಳೆದುಕೊಂಡು ಕೋಲಿನ ಬಾಗು ತಪ್ಪಿದರೆ ಅಲ್ಲಿಯ ಗೈಡನ್ನು ಕೆಲವು ಮಿಲಿಮೀಟರ್ ಸರಿಸಬೇಕಾಗುತ್ತದೆ.

ಮನೆಯಲ್ಲಿ ಕಟ್ಟುವವರಿಗೆ ಎರಡು ತುಂಡಿನಿಂದ ಆಗುವ ಅನುಕೂಲವನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಂಡಂತೆ ಕಾಣಲಿಲ್ಲ. ಏಳು ಅಡಿಯ ಬ್ಲ್ಯಾಂಕನ್ನು ತಿರುಗಿಸುತ್ತ ದಾರ ಸುತ್ತಲು ಪಡಸಾಲೆಯ ಉದ್ದವೇ ಬೇಕು, ಎಪಾಕ್ಸಿ ಒಣಗುವವರೆಗೆ ಮೋಟಾರಿನ ಮೇಲೆ ಅದು ತಿರುಗುತ್ತಿರುವಾಗ ಮಕ್ಕಳು ಆ ಕಡೆ ಸುಳಿಯುವಂತಿಲ್ಲ. ಮೂರೂವರೆ ಅಡಿಯ ತುಂಡನ್ನು ಊಟದ ಮೇಜಿನ ಮೇಲೆ, ಅಂಚಿಗೆ ಎರಡು ಕಚ್ಚು ಕತ್ತರಿಸಿದ ರಟ್ಟಿನ ಪೆಟ್ಟಿಗೆಯಲ್ಲಿಟ್ಟು, ದಾರವನ್ನು ದಪ್ಪ ಪುಸ್ತಕದ ಹಾಳೆಗಳ ನಡುವಿನಿಂದ ಬಿಗಿಯಾಗಿ ಎಳೆದುಕೊಂಡು ಸುತ್ತಬಹುದು. ಮೋಟಾರು ಇಲ್ಲದವರು ಕೈಯಿಂದ ಹತ್ತು ನಿಮಿಷಕ್ಕೊಮ್ಮೆ ಅರ್ಧ ಸುತ್ತು ತಿರುಗಿಸಿದರೂ ನಡೆಯುತ್ತದೆ. ಕಟ್ಟಿದ ಕೋಲನ್ನು ಮೋಟಾರ್‌ಸೈಕಲ್ಲಿನ ಪಕ್ಕಕ್ಕೆ ಕಟ್ಟಿಕೊಂಡು ಬೀಳಗಿಯಿಂದ ಆಲಮಟ್ಟಿ ಹಿನ್ನೀರಿಗೆ, ಹುಕ್ಕೇರಿಯಿಂದ ಹಿಡಕಲ್ ಜಲಾಶಯಕ್ಕೆ ಯಾರ ಕಣ್ಣಿಗೂ ಚುಚ್ಚದಂತೆ ಹೋಗಬಹುದು.

ಬಳಸುವಾಗ ಒಳಗೆ ಹೋಗುವ ತುದಿಗೆ ಆಗಾಗ ಬಿಳಿ ಮೇಣದಬತ್ತಿಯನ್ನು ತೆಳ್ಳಗೆ ಉಜ್ಜಿರಿ, ಆದರೆ ಎಣ್ಣೆ ಹಚ್ಚಬೇಡಿ. ಕಾಲು ಸುತ್ತು ಓರೆಯಾಗಿ ಹಿಡಿದು ಒತ್ತುತ್ತ ನೇರಕ್ಕೆ ತಂದರೆ ಜೋಡಣೆ ಬಿಗಿಯಾಗುತ್ತದೆ. ದಿನವಿಡೀ ಬೀಸುವಾಗ ಅದು ನಿಧಾನವಾಗಿ ಸಡಿಲವಾಗಬಹುದಾದ್ದರಿಂದ ನಡುನಡುವೆ ಕೈಯಿಂದ ಒತ್ತಿ ನೋಡಿ. ಬಿಚ್ಚುವಾಗ ಗೈಡ್‌ಗಳನ್ನು ಹಿಡಿದು ತಿರುಚಬೇಡಿ, ಬ್ಲ್ಯಾಂಕನ್ನೇ ಹಿಡಿದು ನೇರವಾಗಿ ಎಳೆಯಿರಿ.

ನಮ್ಮ ಹಾಳೆಯಲ್ಲಿ ಹೇಳಿದಂತೆ ಬಾಯಿಗೆ ದಾರ ಸುತ್ತಿ ಕಟ್ಟಿದ ಕೋಲು ಜೋಡಣೆಯಲ್ಲಿ ಸೀಳಿದರೆ, ಒಂದು ವರ್ಷದೊಳಗೆ ಆ ತುಂಡನ್ನು ಹಣ ಕೇಳದೆ ಬದಲಾಯಿಸಿ ಕೊಡುತ್ತೇವೆ. ಮೊದಲ ಸಲ ಸುತ್ತುವವರಿಗೆ ಧೈರ್ಯ ಸಾಲದಿದ್ದರೆ ಎಪಾಕ್ಸಿ ಹಚ್ಚುವ ಮೊದಲು ಕಟ್ಟಿನ ಚಿತ್ರ ತೆಗೆದು ಕಳಿಸಿ, ಸಂಜೆಯೊಳಗೆ ನೋಡಿ ಹೇಳುತ್ತೇವೆ. ಅಂಗಡಿಗೆ ಬರುವವರಿದ್ದರೆ ಭಾನುವಾರ ಮುಂಜಾನೆ ಕೂತು ಜೊತೆಗೇ ಸುತ್ತೋಣ. ಎಷ್ಟು ಹೇಳಿದರೂ ಒಂದೇ ತುಂಡಿನ ಬ್ಲ್ಯಾಂಕೇ ಬೇಕೆನ್ನುವವರ ಇಷ್ಟವನ್ನು ನಾವು ತಳ್ಳಿಹಾಕುವುದಿಲ್ಲ. ಮುಂಗಡವಾಗಿ ತಿಳಿಸಿದರೆ ತರಿಸಿಡುತ್ತೇವೆ, ಆದರೆ ಅದನ್ನು ಅಂಗಡಿಯಿಂದಲೇ ಒಯ್ಯಬೇಕು, ಕೊರಿಯರ್‌ನಲ್ಲಾಗಲಿ ಬಸ್ಸಿನಲ್ಲಾಗಲಿ ಕಳಿಸುವುದಿಲ್ಲ. ಹಳೆಯ ಕಿಟ್‌ಗಳು ಇನ್ನೂ ಕೆಲವು ಉಳಿದಿವೆ. ಅವು ಮುಗಿಯುವವರೆಗೆ ಅಂಗಡಿಗೆ ಬಂದವರಿಗೆ 3,600 ರೂಪಾಯಿಗೇ ಸಿಗುತ್ತವೆ.

ನಿಮ್ಮ ವಿಶ್ವಾಸಿಗಳು,
ಅಂಗಡಿಯ ಎಲ್ಲರ ಪರವಾಗಿ,
ನವನಗರ, ಬಾಗಲಕೋಟೆ